‘ಲೂಬ್ರಿಕೆಂಟ್’ಗೆ ಕನ್ನಡ ಪದ ಬೇಕಿದೆ: ಮಾದರಿ ರೈಲಿನ ಕೈಪಿಡಿಗಾಗಿ, ತುರ್ತು

ಪ್ರಶ್ನೆ:

ಮಾನ್ಯರೇ,

ಮಾದರಿ ರೈಲುಗಳ ನಿರ್ವಹಣೆಯನ್ನು ಕುರಿತ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಮುದ್ರಣಕ್ಕೆ ಹೋಗಬೇಕಾಗಿದೆ. ಯಂತ್ರದ ಭಾಗಗಳ ನಡುವಿನ ಘರ್ಷಣೆ ತಗ್ಗಿಸಲು ಹಾಕುವ ವಸ್ತುವಿಗೆ, ಅಂದರೆ ‘ಲೂಬ್ರಿಕೆಂಟ್’ ಬಂದಲ್ಲೆಲ್ಲ, ‘ಕೀಲೆಣ್ಣೆ’ ಎಂದು ಬಳಸಿದ್ದೇನೆ. ಮೋಟರಿನ ಬೇರಿಂಗಿಗೆ ಸೂಜಿಯ ಮೊನೆಯಿಂದ ಒಂದೇ ಹನಿ ತೆಳು ಎಣ್ಣೆ, ವರ್ಮ್ ಗೇರಿಗೆ (ತಿರುಪಿನಂಥ ಹಲ್ಲುಚಕ್ರಕ್ಕೆ) ಸಿಡಿದುಹೋಗದೆ ಹಲ್ಲಿಗೆ ಅಂಟಿ ನಿಲ್ಲುವ ಗ್ರೀಸು ಎಂದು ಎಂಜಿನ್ನಿನ ಅಧ್ಯಾಯ ಹೇಗೋ ಸಾಗಿತು. ಬೋಗಿ, ವ್ಯಾಗನ್ನುಗಳ ಅಧ್ಯಾಯದಲ್ಲಿ ಈ ಪದ ನಿಲ್ಲುತ್ತಿಲ್ಲ. ಎಣ್ಣೆಗೆ ಧೂಳು ಹಿಡಿದು ಅಂಟಾಗುವುದರಿಂದ, ಗಾಲಿಯ ಅಚ್ಚಿನ ಮೊನೆ ಕೂರುವ ಪ್ಲಾಸ್ಟಿಕ್ ಗುಳಿಗೂ ಬೋಗಿಗಳನ್ನು ಜೋಡಿಸುವ ಕೊಂಡಿಯಾದ ಕಪ್ಲರಿಗೂ ನುಣ್ಣನೆಯ ಗ್ರಾಫೈಟ್ ಪುಡಿಯನ್ನು ಹಾಕಬೇಕೆಂದು ಅಲ್ಲಿ ಹೇಳಿದೆ. ಮೂಲದಲ್ಲಿ ಅದೂ ಲೂಬ್ರಿಕೆಂಟೇ. ‘ಒಣ ಕೀಲೆಣ್ಣೆ’ ಎಂದರೆ ನಗೆಪಾಟಲಾದೀತು. ಎಣ್ಣೆ, ಗ್ರೀಸು, ಪುಡಿ ಮೂರಕ್ಕೂ ಸಲ್ಲುವ ಪದವನ್ನು ದಯವಿಟ್ಟು ತಿಳಿಸಿ.

ಉತ್ತರ 1:

‘ಸ್ನೇಹಕ’ ಸಿದ್ಧವಾಗಿಯೇ ಇದೆ. ಸಂಸ್ಕೃತದಲ್ಲಿ ಸ್ನೇಹ ಶಬ್ದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥಗಳೂ ಉಂಟು. ದ್ರವದ ಮಂದತನಕ್ಕೆ ವಿಜ್ಞಾನದ ಪಠ್ಯಗಳು ಬಳಸುವ ‘ಸ್ನಿಗ್ಧತೆ’ಯೂ ಅದೇ ಧಾತುವಿನದು. ‘ಕೀಲೆಣ್ಣೆ’ಯ ತೊಡಕು ಒಣಪುಡಿಯಿಂದ ಆರಂಭವಾದದ್ದಲ್ಲ. ‘ಎಣ್ಣೆ’ ಎಂಬುದೇ ‘ಎಳ್’, ‘ನೆಯ್’ ಎರಡೂ ಕೂಡಿ ಆದ ಶಬ್ದ. ಎಳ್ಳಿನ ಜಿಡ್ಡನ್ನು ಮೋಟರಿಗೆ ಹಾಕಿದರೆ ಕಾಲಕ್ರಮದಲ್ಲಿ ಅದು ಗಟ್ಟಿ ಅಂಟಾಗುತ್ತದೆ ಎಂಬುದನ್ನು ಅನುವಾದಕರು ಬಲ್ಲರಷ್ಟೆ.

ಉತ್ತರ 2:

ಎಳ್ಳೆಣ್ಣೆ ಎನ್ನುವಾಗ ಎಳ್ಳು ಎರಡು ಸಲ ಬಂತೆಂದು ಯಾರೂ ಅತ್ತಿಲ್ಲ. ‘ಸ್ನೇಹಕ’ವನ್ನು ಓದಿದ ಹುಡುಗ ಎಂಜಿನ್ನಿಗೊಬ್ಬ ಗೆಳೆಯನನ್ನು ಹುಡುಕಿಯಾನು. ದ್ರವಕ್ಕೆ ಅಚ್ಚಗನ್ನಡದ ಕೀಲೆಣ್ಣೆ ಇರಲಿ, ಗ್ರೀಸಿಗೆ ‘ಗಟ್ಟಿಜಿಡ್ಡು’, ಮೂರಕ್ಕೂ ಸೇರಿ ‘ಜಾರುಕ’. ಬೇರಿಂಗ್, ಗ್ರೀಸ್, ಗ್ರಾಫೈಟ್ ಎಂದು ಬರೆಯುವುದು ಅನುವಾದವಲ್ಲ, ಲಿಪಿ ಬದಲಾವಣೆ.

ಉತ್ತರ 1, ಮತ್ತೆ:

ಹಾಸ್ಯಕ್ಕೆ ಉತ್ತರಿಸಲಾರೆ. ತಾವು ಅಚ್ಚಗನ್ನಡವೆಂದ ‘ಕೀಲು’ ಸಂಸ್ಕೃತದ ‘ಕೀಲ’ದ ತದ್ಭವ. ತದ್ಭವವಾದ್ದರಿಂದಲೇ ಕೀಲೆಣ್ಣೆ ಅರಿಸಮಾಸವಾಗದೆ (ಸಂಸ್ಕೃತ, ಕನ್ನಡ ಪದಗಳ ಸಲ್ಲದ ಕೂಡಿಕೆಯಾಗದೆ) ಉಳಿದಿದೆ.

ಉತ್ತರ 3:

ಮಾನ್ಯ ಅನುವಾದಕರೇ,

ಕೀಲು ಯಾರದೆಂಬ ವ್ಯಾಜ್ಯ ನಾಳೆ ಸಂಜೆಯೊಳಗೆ ತೀರುವಂಥದ್ದಲ್ಲ, ಅದನ್ನು ಬಿಡೋಣ. ‘ಜಾರುಕ’ವನ್ನು ಮಾತ್ರ ಖಂಡಿತ ಬಳಸಬೇಡಿ. ಕುಡುಕ, ತಿರುಕ ಎಂಬಲ್ಲಿ ಈ ಪ್ರತ್ಯಯ ಆ ಕೆಲಸವನ್ನು ತಾನೇ ಮಾಡುವವನನ್ನು ಹೇಳುತ್ತದೆಯೇ ಹೊರತು ಇನ್ನೊಬ್ಬರಿಂದ ಮಾಡಿಸುವವನನ್ನಲ್ಲ. ಆ ಲೆಕ್ಕದಲ್ಲಿ ಜಾರುಕವೆಂದರೆ ತಾನೇ ಜಾರುವಂಥದ್ದು. ಮಾದರಿ ರೈಲಿನಲ್ಲಿ ಹಾಗೆ ಜಾರುವುದು ಗಾಲಿ, ಅದೂ ಮಿತಿಮೀರಿದ ಎಣ್ಣೆ ಹಳಿಗೋ ಗಾಲಿಯ ರಬ್ಬರ್ ಪಟ್ಟಿಗೋ ತಗಲಿ ಎಂಜಿನ್ನು ನಿಂತಲ್ಲೇ ಗಾಲಿ ತಿರುಗಿಸುವಾಗ. ‘ಗಟ್ಟಿಜಿಡ್ಡು’ ಕೇಳಲು ಚೆನ್ನಾಗಿದೆ. ಆದರೆ ಹಲವು ವರ್ಷ ಪೆಟ್ಟಿಗೆಯಲ್ಲೇ ಉಳಿದ ಎಂಜಿನ್ನಿನ ಗ್ರೀಸು ಮೇಣದಂತೆ ಗಟ್ಟಿಯಾಗಿ ಗೇರುಗಳನ್ನು ಹಿಡಿದುಬಿಡುವುದಕ್ಕೆ ‘ಜಿಡ್ಡುಗಟ್ಟಿದೆ’ ಎಂಬುದಕ್ಕಿಂತ ಒಪ್ಪುವ ಮಾತು ಕನ್ನಡದಲ್ಲಿಲ್ಲ. ಒಂದೇ ಪುಟದಲ್ಲಿ ಮದ್ದಿಗೂ ರೋಗಕ್ಕೂ ಜಿಡ್ಡನ್ನೇ ಬಳಸಿದರೆ ಓದುಗ ಯಾವುದನ್ನು ಒರೆಸಬೇಕು, ಯಾವುದನ್ನು ಹಚ್ಚಬೇಕು?

ಮೂರಕ್ಕೂ ಒಂದೇ ಪದ ಬೇಕೆಂಬ ಹಟ ಮೂಲ ಭಾಷೆಯಿಂದ ಬಂದದ್ದು. ಈ ಕೈಪಿಡಿಯಲ್ಲಿ ಅದು ಅಪಾಯಕರವೂ ಹೌದು. ಗ್ರಾಫೈಟ್ ವಿದ್ಯುತ್ ವಾಹಕ. ‘ಸ್ನೇಹಕ ಹಾಕಿ’ ಎಂದಷ್ಟೇ ಬರೆದರೆ, ಬೋಗಿಗೆಂದು ತಂದ ಪುಡಿಯನ್ನು ಯಾರಾದರೂ ಮೋಟರಿನ ಮೇಲೂ ಸರ್ಕ್ಯೂಟ್ ಬೋರ್ಡಿನ ಮೇಲೂ ಉದುರಿಸಿ ಶಾರ್ಟ್ ಮಾಡಿಕೊಳ್ಳುತ್ತಾರೆ. ಆದ್ದರಿಂದ ಎಣ್ಣೆ, ಗ್ರೀಸು, ಗ್ರಾಫೈಟ್ ಪುಡಿ ಎಂದು ಆಯಾ ವಸ್ತುವಿನ ಹೆಸರನ್ನೇ ಹೇಳಿ. ಅಧ್ಯಾಯದ ತಲೆಬರಹಕ್ಕೆ ‘ಸವೆತ ತಡೆಯುವ ಲೇಪಗಳು’ ಎಂಬಂಥ ಹೊಸ ಸೃಷ್ಟಿಯೂ ಬೇಡ, ‘ಎಣ್ಣೆ, ಗ್ರೀಸು ಹಾಕುವ ಕ್ರಮ’ ಸಾಕು. ಇದರ ಜೊತೆಗೆ, ಕೆಲವು ಪೆಟ್ರೋಲಿಯಂ ಎಣ್ಣೆಗಳು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತವೆ ಇಲ್ಲವೇ ಸೀಳಿಸುತ್ತವೆ. ಆ ಎಚ್ಚರಿಕೆಯಿರುವಲ್ಲಿ ‘ಪ್ಲಾಸ್ಟಿಕ್ ಸ್ನೇಹಿ’ ಎಂದು ಹೊಸೆಯದೆ, ‘ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಎಣ್ಣೆ’ ಎಂದೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ.