16 ಇಂಚಿನ ಫೋಲ್ಡಿಂಗ್ ಸೈಕಲ್ಲಿಗೆ ಟೈರ್ ಕೂರ್ತಾ ಇಲ್ಲ, ದಾವಣಗೆರೆ ಕಡೆಯವರು ಯಾರಾದ್ರೂ ಹೇಳ್ರಿ

ಹರಿಹರ ಲೋಕಲ್:

ಎಲ್ಲರಿಗೂ ನಮಸ್ಕಾರ. ನಾನು ಇರೋದು ದಾವಣಗೆರೆ ವಿದ್ಯಾನಗರ, ಕೆಲಸ ಹರಿಹರದಲ್ಲಿ, ಸ್ಕೂಲ್ ಟೀಚರ್. ನಮ್ಮಣ್ಣ ಬೆಂಗಳೂರಲ್ಲಿ ಓಡಿಸ್ತಿದ್ದ ಫೋಲ್ಡಿಂಗ್ ಸೈಕಲ್ ನನಗೆ ಕೊಟ್ಟು ಎರಡು ವರ್ಷ ಆಯ್ತು, ಮೂರು ಮಡಿಕೆ ಆಗುತ್ತಲ್ಲ ಆ ಥರದ್ದು. ಬೆಳಿಗ್ಗೆ ಅದರಲ್ಲೇ ಸ್ಟೇಷನ್‌ಗೆ ಹೋಗಿ, ಮಡಚಿ, ಟ್ರೈನಲ್ಲಿ ಕಾಲ ಹತ್ರ ಇಟ್ಕೊಂಡು, ಹರಿಹರದಲ್ಲಿ ಇಳಿದು ಬಿಚ್ಚಿ ಮತ್ತೆ ಸ್ಕೂಲಿಗೆ. ಆಟೋಗೆ ಕಾಯೋದು ತಪ್ಪೈತೆ, ನನಗೆ ಈ ಸೈಕಲ್ ಇಲ್ದೆ ಈಗ ಕೈ ಮುರಿದಂಗೆ ಆಗುತ್ತೆ.

ವಿಷಯ ಏನಪ್ಪಾ ಅಂದ್ರೆ ಹಿಂದಿನ ಟೈರ್ ನಡುವೆ ಸವೆದು ಒಳಗಿನ ದಾರ ಕಾಣ್ತಾ ಐತೆ, ಸೈಡಲ್ಲೆಲ್ಲಾ ಬಿರುಕು, ಈ ತಿಂಗಳೊಂದರಲ್ಲೇ ನಾಲ್ಕು ಪಂಚರ್. ಪೇಟೆಲಿ ಒಂದು ಅಂಗಡಿಗೆ ಹೋದೆ, "16 ಇಂಚ್ ತಾನೆ ಮೇಡಂ, ಚಿಕ್ಕ ಮಕ್ಕಳ ಸೈಕಲ್ದು ಐತಲ್ಲ" ಅಂತ 16×1.75 ತೆಗೆದು ಹಾಕೋಕೆ ಕೂತ್ರು. ಒಂದು ಕಡೆ ಒಳಗೆ ಹೋದ್ರೆ ಇನ್ನೊಂದು ಕಡೆ ಎದ್ದು ಬರುತ್ತೆ, ಎರಡು ಲೀವರ್ ಹಾಕಿದ್ರು, ಆಮೇಲೆ ಪಾನಾ ಹಾಕಿ ಮೀಟಿದ್ರು, ರಿಮ್ ಅಂಚಿಗೆ ಗೀರು ಬಿತ್ತು, ಮಧ್ಯದಲ್ಲಿ ಸಿಕ್ಕಿ ಟ್ಯೂಬೂ ಹರಿದು ಹೋಯ್ತು. ಕೊನೆಗೆ "ರಿಮ್ಮೇ ಸರಿ ಇಲ್ಲ, ಚೇಂಜ್ ಮಾಡ್ಸಿ" ಅಂದ್ರು. ನಿಜವಾಗ್ಲೂ ರಿಮ್ ಚೇಂಜ್ ಮಾಡಿಸ್ಬೇಕಾ? ಹಳೇ ಟೈರಿನ ಮೇಲೆ 16×1 ಅಂತ ಅರ್ಧ ಕಾಣುತ್ತೆ, ಮುಂದಿಂದು ಅಳಿಸಿ ಹೋಗೈತೆ. ಮತ್ತೆ ನಮ್ಮ ಕಡೆ ಮುಳ್ಳು ತಡೆಯೋ ಟೈರ್ ಯಾವುದಾದ್ರೂ ಇದ್ರೆ ಅದನ್ನೂ ಹೇಳಿ. ಸದ್ಯಕ್ಕೆ ಅಣ್ಣನ ಹತ್ರ ಇದ್ದ ಹಳೇ ಟ್ಯೂಬ್ ತರಿಸಿ ಹಾಕ್ಕೊಂಡು ಭಯದಲ್ಲೇ ಓಡಿಸ್ತಾ ಇದ್ದೀನಿ.

ದುರ್ಗದ ಗಾಳಿ:

ಮೇಡಂ ದಯವಿಟ್ಟು ರಿಮ್ ಮುಟ್ಟೋಕೆ ಹೋಗ್ಬೇಡಿ. ನಿಮ್ಮ ರಿಮ್ ಸರಿಯಾಗೇ ಇದೆ, ಅವರು ಕೊಟ್ಟ ಟೈರ್ ಬೇರೆ ಸೈಜು. ನಾನು ಚಿತ್ರದುರ್ಗದಲ್ಲಿ 20 ಇಂಚಿನ ಫೋಲ್ಡಿಂಗ್ ಓಡಿಸ್ತೀನಿ, ಇದೇ ಪಾಠ ನಾನೂ ದುಡ್ಡು ಕೊಟ್ಟು ಕಲ್ತಿದ್ದು.

16 ಇಂಚ್ ಅಂತ ಕರೆಯೋ ಟೈರಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತೆ. ಮಕ್ಕಳ ಸೈಕಲ್ಲಿಗೆ ಬರೋ 16×1.75, ಅದರ ರಿಮ್ ಅಳತೆ 305 ಮಿಲಿಮೀಟರ್. ಇನ್ನೊಂದು 16×1 3/8, ಅದು 349. ಬ್ರಾಂಪ್ಟನ್ ಅನ್ನೋ ಹೆಸರಾಂತ ಮೂರು ಮಡಿಕೆ ಸೈಕಲ್ಲಿಗೆ ಬರೋದು ಇದೇ 349, ಮೂರು ಮಡಿಕೆ ಸೈಕಲ್ ತುಂಬಾ ಅದಕ್ಕೇ ಇದೇ ಅಳತೆ ಇಟ್ಕೊಂಡಿವೆ. ಎರಡಕ್ಕೂ 44 ಮಿಲಿಮೀಟರ್ ವ್ಯತ್ಯಾಸ, ಅಂದ್ರೆ ಎರಡು ಬೆರಳಗಲಕ್ಕಿಂತ ಸ್ವಲ್ಪ ಜಾಸ್ತಿನೇ, ಟೈರಿನ ಅಂಚಲ್ಲಿ ಇರೋದು ತಂತಿ, ಅದು ಹಿಗ್ಗಲ್ಲ, ಯಾವ ಪಾನಾ ಹಾಕಿ ಎಷ್ಟು ಮೀಟಿದ್ರೂ ಹತ್ತಲ್ಲ. ಇಂಚಲ್ಲಿ ಪಾಯಿಂಟ್ ಹಾಕಿ ಬರೆದಿದ್ದಕ್ಕೂ ಭಿನ್ನರಾಶಿಲಿ ಬರೆದಿದ್ದಕ್ಕೂ ಒಂದೇ ಅಂತ ಯಾವತ್ತೂ ತಿಳ್ಕೋಬೇಡಿ. 20 ಇಂಚಲ್ಲೂ ಹಿಂಗೇ, 20×1.75 ಅಂದ್ರೆ 406, 20×1 3/8 ಅಂದ್ರೆ 451.

ಈ ಗೊಂದಲ ಬೇಡ ಅಂತಾನೇ ಟೈರ್ ಸೈಡಲ್ಲಿ ಇನ್ನೊಂದು ನಂಬರ್ ಇರುತ್ತೆ, ಮಧ್ಯ ಅಡ್ಡಗೆರೆ ಹಾಕಿ 37-349, 47-305, 47-406 ಈ ಥರ. ಇ.ಟಿ.ಆರ್.ಟಿ.ಒ ನಂಬರ್ ಅಂತಾರೆ. ಮೊದಲ್ನೇದು ಟೈರಿನ ದಪ್ಪ, ಎರಡ್ನೇದು ಟೈರ್ ಕೂರೋ ಜಾಗದಲ್ಲಿ ರಿಮ್ಮಿನ ಅಡ್ಡಳತೆ, ಎರಡೂ ಮಿಲಿಮೀಟರಲ್ಲಿ. ಎರಡ್ನೇದು ಒಂದು ಮಿಲಿಮೀಟರೂ ಆಚೀಚೆ ಆಗಂಗಿಲ್ಲ, ಮೊದಲ್ನೇದು ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತೆ. ಅಂಗಡಿಲಿ "16 ಇಂಚ್ ಕೊಡಿ" ಅನ್ನೋ ಬದಲು "349 ಕೊಡಿ" ಅನ್ನಿ. ಸಣ್ಣ ಅಕ್ಷರದಲ್ಲಿ ಇರುತ್ತೆ, ಒದ್ದೆ ಬಟ್ಟೆಲಿ ಒರೆಸಿ ಸೂರ್ಯನ ಬೆಳಕಿಗೆ ಓರೆ ಹಿಡಿದು ನೋಡಿ.

ಕುಂದವಾಡ ರೌಂಡ್ಸ್:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಂಬರ್ ಕಾಣ್ಲೇ ಇಲ್ಲ ಅಂದ್ರೆ ಟೈರ್ ಬಿಚ್ಚಿ ರಿಮ್ಮಿನ ಈ ಅಂಚಿಂದ ಆ ಅಂಚಿಗೆ ಟೇಪ್ ಹಿಡೀರಿ, ಹೊರ ಅಂಚು 36 ಸೆಂಟಿಮೀಟರ್ ಹತ್ರ ಬಂದ್ರೆ 349, 31-32 ಬಂದ್ರೆ 305. ಟೈರ್ ಕೂರೋ ಜಾಗ ಅಂಚಿಗಿಂತ ಸ್ವಲ್ಪ ಒಳಗಿರುತ್ತೆ ಅದಕ್ಕೇ ಒಂದು ಸೆಂಟಿಮೀಟರ್ ಚಿಲ್ಲರೆ ಜಾಸ್ತಿ ತೋರ್ಸುತ್ತೆ. ಒಂದು ಮಾತ್ರ ಹುಷಾರು, ಇಂಚ್ ಟೇಪಲ್ಲಿ ಅಳೀಬೇಡಿ. ನಮ್ಮ ಪಕ್ಕದ ಮನೆ ಹುಡುಗ 20 ಇಂಚಿನ ಸೈಕಲ್ ರಿಮ್ ಇಂಚಲ್ಲಿ ಅಳೆದ, 406 ಮಿಲಿಮೀಟರ್ ಅಂದ್ರೆ ಕರೆಕ್ಟಾಗಿ 16 ಇಂಚ್ ಆಗುತ್ತೆ, ಅವನು ನೇರ ಹೋಗಿ 16 ಇಂಚ್ ಟೈರ್ ತಂದ. 20 ಇಂಚ್ ಅನ್ನೋದು ಟೈರ್ ಹಾಕಿ ಗಾಳಿ ತುಂಬಿದ ಮೇಲೆ ಇಡೀ ಚಕ್ರದ ಎತ್ತರದ ಹೆಸರು, ರಿಮ್ಮಿಂದಲ್ಲ.

ಹಳೇಪೇಟೆ ಪಂಚರ್:

ನಾನು ಹತ್ತು ವರ್ಷದವನಿದ್ದಾಗಿಂದ ನಮ್ಮಪ್ಪನ ಸೈಕಲ್ ಶಾಪಲ್ಲಿ ಪಂಚರ್ ಹಾಕಿದವನು, ಈಗ ಬೇರೆ ಕೆಲಸ, ಆದ್ರೂ ಓಣಿ ಮಕ್ಕಳ ಸೈಕಲ್ ಎಲ್ಲಾ ನನ್ನ ಹತ್ರನೇ ಬರ್ತವೆ. ಮೇಡಂ ಅವರಿಗೆ ಎರಡು ಮಾತು ಹೇಳ್ಬೇಕು ಅನ್ಸ್ತು.

ಒಂದು, ಅಂಗಡಿಯವರ ಮೇಲೆ ಬೇಜಾರು ಮಾಡ್ಕೋಬೇಡಿ, ನಮ್ಮ ಊರಿಗೆ ಬರೋ ಮಾಲು ಲೂಧಿಯಾನ ಕಡೆಯ ಮಕ್ಕಳ ಸೈಕಲ್ದು, ದೊಡ್ಡವರ 28×1 1/2, ಆಮೇಲೆ 26 ಇಂಚಿಂದು. 349 ಅವರ ಕೈಗೆ ಬಂದೇ ಇರಲ್ಲ. 20 ಇಂಚಿನ 406 ಆದ್ರೆ ಯಾವ ಅಂಗಡಿಲಾದ್ರೂ ಸಿಗುತ್ತೆ, ಯಾಕಂದ್ರೆ ಮಕ್ಕಳ ಸೈಕಲ್, ಬಿಎಂಎಕ್ಸ್ ಎಲ್ಲಾ ಅದೇ. 349 ಮಾತ್ರ ಆನ್‌ಲೈನ್ ಇಲ್ಲಾ ಬೆಂಗಳೂರಿಂದ ತರಿಸೋದೇ ದಾರಿ. ತರಿಸೋವಾಗ ಎರಡು ಟೈರ್, ಎರಡು ಟ್ಯೂಬ್ ಒಟ್ಟಿಗೆ ತರಿಸ್ರಿ, ಒಂದು ಹಾಕಿ ಒಂದು ಮನೇಲಿ ನೆರಳಲ್ಲಿ ತೂಗುಹಾಕಿ. ಬಂದ ತಕ್ಷಣ ಟೈರ್ ಬಗ್ಗಿಸಿ ಸೈಡ್ ನೋಡ್ರಿ, ಕೂದಲೆಳೆ ಬಿರುಕು ಕಂಡ್ರೆ ಅದು ಎಷ್ಟೋ ವರ್ಷದ ಸ್ಟಾಕು, ವಾಪಸ್ ಕಳಿಸಿ.

ಎರಡನೇದು ಪಂಚರ್ ಬಗ್ಗೆ. ತಿಂಗಳಿಗೆ ನಾಲ್ಕು ಅಂದ್ರಲ್ಲ, ಎಲ್ಲಾ ಹೊಸ ಮುಳ್ಳೇ ಅಂತ ನನಗನ್ಸಲ್ಲ. ಮುಳ್ಳಿನ ತುದಿ ಟೈರೊಳಗೇ ಮುರಿದು ಉಳಿದಿರುತ್ತೆ, ಟ್ಯೂಬಿಗೆ ಪ್ಯಾಚ್ ಹಾಕಿ ಒಳಗೆ ತಳ್ಳಿದ್ರೆ ಮೂರು ದಿನಕ್ಕೆ ಮತ್ತೆ ಅದೇ ಚುಚ್ಚುತ್ತೆ. ನಮ್ಮಪ್ಪ ಒಂದು ಉಂಡೆ ಹತ್ತಿ ಇಟ್ಟಿರ್ತಿದ್ರು, ಹತ್ತಿ ಮಿಲ್ಲಿನ ಊರಲ್ಲವಾ ನಮ್ದು. ಅದನ್ನ ಟೈರಿನ ಒಳಮೈಗೆ ಒತ್ತಿ ನಿಧಾನಕ್ಕೆ ಒಂದು ಸುತ್ತು ಆಡಿಸೋರು, ಎಲ್ಲಿ ಎಳೆ ಸಿಕ್ಕಿಹಾಕ್ಕೊಳ್ಳುತ್ತೋ ಅಲ್ಲಿ ಮುಳ್ಳು. ಬೆರಳಿಗೆ ಸಿಗದೇ ಇರೋ ಸಾಸಿವೆ ಕಾಳಷ್ಟು ತುದಿನೂ ಹತ್ತಿಗೆ ಸಿಗುತ್ತೆ. ಹೊರಗಡೆಯಿಂದ ಚಿಮಟ ಹಾಕಿ ಕೀಳಿ.

ಆಮೇಲೆ ತೂತು ಎಲ್ಲೈತೆ ನೋಡೋದು ಅಭ್ಯಾಸ ಮಾಡ್ಕೊಳ್ರಿ. ಟ್ಯೂಬಿನ ಹೊರಮೈಲಿ ಒಂದೇ ತೂತು ಇದ್ರೆ ಮುಳ್ಳು. ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದಂಗೆ ಇದ್ರೆ ಗಾಳಿ ಕಮ್ಮಿ ಇತ್ತು, ಗುಂಡಿಗೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕೈತೆ. ಕಡ್ಡಿ ಕಡೆ, ಅಂದ್ರೆ ಒಳಮೈಲಿ ತೂತಿದ್ರೆ ಸ್ಪೋಕಿನ ತಲೆ ಮುಚ್ಚೋ ರಿಮ್ ಪಟ್ಟಿ ಸರಿದೈತೆ, ಆಗ ಎಷ್ಟೇ ಒಳ್ಳೆ ಟೈರ್ ಹಾಕಿದ್ರೂ ಪಂಚರ್ ನಿಲ್ಲಲ್ಲ. ಹತ್ತು ನಿಮಿಷದ ಕೆಲಸ, ಹೊಸ ಪಟ್ಟಿ ಹಾಕ್ಸಿ. ಪಾನಾ ಹಾಕಿ ಗೀರು ಬಿದ್ದಿದೆ ಅಂದ್ರಲ್ಲ, ಅಲ್ಲಿ ಬೆರಳು ಸವರಿ ನೋಡಿ, ಚೂಪಿದ್ರೆ ಉಪ್ಪುಕಾಗದದಲ್ಲಿ ಉಜ್ಜಿ.

ದುರ್ಗದ ಗಾಳಿ:

ಹತ್ತಿ ವಿಷಯ ನನಗೆ ಗೊತ್ತೇ ಇರ್ಲಿಲ್ಲ, ತುಂಬಾ ಥ್ಯಾಂಕ್ಸ್. ಯಾವ ಟೈರ್ ಅನ್ನೋದು ಬಾಕಿ ಇತ್ತು. 349 ಸೈಜಲ್ಲಿ ಶ್ವಾಲ್ಬೆ ಮ್ಯಾರಥಾನ್ ಇದೆ, ಮ್ಯಾರಥಾನ್ ಪ್ಲಸ್ ಇದೆ, ಕೊಜಾಕ್ ಇದೆ, ಕಾಂಟಿನೆಂಟಲ್ ಕಾಂಟ್ಯಾಕ್ಟ್ ಅರ್ಬನ್ ಇದೆ. ಕೊಜಾಕ್ ನುಣ್ಣಗೆ, ಹಗುರ, ಓಡೋಕೆ ಚೆನ್ನಾಗಿದೆ, ಆದ್ರೆ ನಮ್ಮ ಕಡೆ ರೋಡಿಗೆ ನಾನು ಹೇಳಲ್ಲ. ನೆಗ್ಗಿಲು ಮುಳ್ಳು ಗೊತ್ತಲ್ಲ, ರೋಡ್ ಅಂಚಲ್ಲಿ ನೆಲಕ್ಕೆ ಹರಡ್ಕೊಂಡು ಹಳದಿ ಹೂ ಬಿಡುತ್ತೆ, ಅದರ ಕಾಯಿ ಹೆಂಗೆ ಬಿದ್ರೂ ಒಂದು ಕೋಡು ಮೇಲಕ್ಕೇ ಇರುತ್ತೆ. ಅದಕ್ಕೆ ಮ್ಯಾರಥಾನ್ ಪ್ಲಸ್ ಬೆಸ್ಟು, ಒಳಗೆ ಸುಮಾರು 5 ಮಿಲಿಮೀಟರ್ ದಪ್ಪದ ರಬ್ಬರ್ ಪದರ ಇರುತ್ತೆ. ಬಳ್ಳಾರಿ ಜಾಲಿ ಮುಳ್ಳು ಉದ್ದ, ಸೈಡಿಂದ ಚುಚ್ಚಿದ್ರೆ ಇದೂ ತಡೆಯಲ್ಲ, ಬೇಲಿ ಕಡಿದು ಹಾಕಿರೋ ಕಡೆ ಇಳಿದು ಸೈಕಲ್ ಎತ್ಕೊಂಡು ದಾಟಿ. ಪ್ಲಸ್ಸಿನ ತೊಂದರೆ ಅಂದ್ರೆ ಭಾರ, ರೇಟು ಜಾಸ್ತಿ, ಮತ್ತೆ ಹಾಕೋಕೆ ತುಂಬಾ ಬಿಗಿ. ಜೋಗಿಮಟ್ಟಿ ಏರು ಹತ್ತೋ ನನ್ನಂಥವರಿಗೆ ಆ ಭಾರ ಗೊತ್ತಾಗುತ್ತೆ, ನಿಮ್ಮ ಸ್ಟೇಷನ್ ದಾರಿ ಸಪಾಟು, ನಿಮಗೆ ಏನೂ ಅನ್ಸಲ್ಲ. ನಾನಾಗಿದ್ರೆ ಹಿಂದಕ್ಕೆ ಪ್ಲಸ್, ಮುಂದಕ್ಕೆ ಸಾದಾ ಮ್ಯಾರಥಾನ್ ಹಾಕ್ತೀನಿ. ಭಾರ ಎಲ್ಲಾ ಹಿಂದಿನ ಚಕ್ರದ ಮೇಲೆ, ಸವೆಯೋದೂ ಅದೇ ಬೇಗ.

ಚಿಕ್ಕ ಚಕ್ರದ ಟೈರ್ ಬೇಗ ಸವೆಯುತ್ತೆ ಅಂತ ಬೇಜಾರಾಗ್ಬೇಡಿ. ನಿಮ್ಮ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 760 ಸುತ್ತು ಸುತ್ತುತ್ತೆ, ಅಪ್ಪಂದಿರ ಕಾಲದ 28 ಇಂಚಿನ ಸೈಕಲ್ 445 ಸುತ್ತಲ್ಲಿ ಅಷ್ಟೇ ದೂರ ಹೋಗುತ್ತೆ. ಒಂದೇ ಜಾಗ ಅಷ್ಟು ಸಲ ನೆಲಕ್ಕೆ ಉಜ್ಜಿದ ಮೇಲೆ ಸವೀಲೇಬೇಕಲ್ಲ.

ಕುಂದವಾಡ ರೌಂಡ್ಸ್:

ಗಾಳಿದೊಂದು ಮಾತು. ಚಿಕ್ಕ ಟೈರಲ್ಲಿ ಹಿಡಿಯೋದೇ ಸ್ವಲ್ಪ ಗಾಳಿ, ಅದು ಇಳಿದಿದ್ದೂ ಬೇಗ ಗೊತ್ತಾಗುತ್ತೆ, ವಾರಕ್ಕೊಂದು ಸಲ ನೋಡ್ಲೇಬೇಕು. ಎಷ್ಟು ಪಿಎಸ್‌ಐ ಅಂತ ಟೈರ್ ಮೇಲೇ ಇರುತ್ತೆ. ಬೈಕಿನ ಥರ ವಾಲ್ವ್ ಇದ್ರೆ ಪೆಟ್ರೋಲ್ ಬಂಕಲ್ಲಿ ಹೊಡೆಸ್ಬೋದು ಆದ್ರೆ ಅಲ್ಲಿಯ ಹುಡುಗ ಬೈಕಿಗೆ ಹಿಡಿದಂಗೆ ಹಿಡಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಢಂ ಅನ್ನುತ್ತೆ, ನಾನು ಎದುರಿಗೇ ನಿಂತು ನೋಡಿದ್ದೀನಿ, ಎರಡು ದಿನ ಕಿವಿ ಗುಂಯ್ ಅಂತಿತ್ತು. ಮೀಟರ್ ಇರೋ ಕಾಲ್ ಪಂಪ್ ಒಂದು ಮನೇಲಿ ಇಟ್ಕೊಳ್ಳಿ.

ಹರಿಹರ ಲೋಕಲ್:

ಎಲ್ಲರಿಗೂ ಹೃದಯದಿಂದ ಥ್ಯಾಂಕ್ಸ್. ಒದ್ದೆ ಬಟ್ಟೆಲಿ ಒರೆಸಿದೆ, ನಂಬರ್ ಕಾಣ್ಲಿಲ್ಲ. ಆಮೇಲೆ ಬ್ಯಾಗಲ್ಲಿದ್ದ ಚಾಕ್‌ಪೀಸ್ ತಗೊಂಡು ಅಡ್ಡಡ್ಡ ಹಿಡಿದು ಸೈಡಿನ ಮೇಲೆ ಉಜ್ಜಿದೆ, ಮೇಲೆದ್ದಿರೋ ಅಕ್ಷರಕ್ಕೆ ಮಾತ್ರ ಬಿಳಿ ಹತ್ತಿ 37-349 ಅಂತ ಎದ್ದು ಬಂತು! ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಫೋಟೋ ತೆಗೆದು ಅಣ್ಣನಿಗೆ ಕಳಿಸ್ದೆ. ಟೈರ್ ಬಿಚ್ಚಿದಾಗ ಟ್ಯೂಬಲ್ಲಿ ಎರಡು ತೂತು ಕಡ್ಡಿ ಕಡೆನೇ ಇದ್ವು, ರಿಮ್ ಪಟ್ಟಿ ಒಂದು ಕಡೆ ಸರಿದು ಸ್ಪೋಕಿನ ತಲೆ ಕಾಣ್ತಿತ್ತು. ಹತ್ತಿ ಆಡಿಸಿದಾಗ ಒಂದು ಮುಳ್ಳೂ ಸಿಕ್ತು. ಪಟ್ಟಿ ಹೊಸದು ಹಾಕ್ಸಿದ್ದೀನಿ. ಹಿಂದಕ್ಕೆ ಪ್ಲಸ್, ಮುಂದಕ್ಕೆ ಸಾದಾ, ಟ್ಯೂಬ್ ಎರಡು ಆರ್ಡರ್ ಹಾಕಿದೆ, 35-349 ಅಂತ ಇದೆ, 37ರ ಬದಲು 35 ನಡೆಯುತ್ತೆ ಅಲ್ವಾ? ಅಷ್ಟು ಬಿಗಿ ಇರೋ ಟೈರ್ ನಾನೇ ಹಾಕೋಕಾಗುತ್ತಾ?

ಹಳೇಪೇಟೆ ಪಂಚರ್:

35 ಧಾರಾಳವಾಗಿ ನಡೆಯುತ್ತೆ, ಮಡ್‌ಗಾರ್ಡಿಗೂ ತಾಗಲ್ಲ. ನೀವೇ ಹಾಕ್ಬೋದು. ಟೈರನ್ನ ಒಂದು ಗಂಟೆ ಬಿಸಿಲಲ್ಲಿಟ್ಟು ಮೆತ್ತಗೆ ಮಾಡ್ಕೊಳ್ರಿ, ಸೈಡಲ್ಲಿ ಬಾಣದ ಗುರುತು ಇರುತ್ತೆ, ಚಕ್ರ ಮುಂದಕ್ಕೆ ತಿರುಗೋ ಕಡೆಗೆ ಅದು ಇರ್ಲಿ. ಟ್ಯೂಬಿಗೆ ಆಕಾರ ಬರೋವಷ್ಟು ಮಾತ್ರ ಗಾಳಿ. ವಾಲ್ವಿನ ಎದುರು ಕಡೆಯಿಂದ ಶುರು ಮಾಡಿ ಎರಡೂ ಕೈಯಲ್ಲಿ ಒತ್ಕೊಂಡು ವಾಲ್ವ್ ಕಡೆ ಮುಗಿಸಿ. ಕೊನೇ ಗೇಣು ಹತ್ತಲ್ಲ, ಎಲ್ಲರಿಗೂ ಅಲ್ಲೇ ಸಿಟ್ಟು ಬರೋದು, ಆಗ ಎದುರು ಕಡೆ ಟೈರಿನ ಅಂಚನ್ನ ಹಿಸುಕಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸ್ರಿ, ಅಲ್ಲಿ ಇಳಿದಷ್ಟೂ ಇಲ್ಲಿ ಸಡಿಲ ಸಿಗುತ್ತೆ. ಸೋಪಿನ ನೀರು ಸವರಿ, ಹೆಬ್ಬೆರಳಲ್ಲಿ ತಳ್ಳಿ. ಸ್ಕ್ರೂಡ್ರೈವರ್, ಪಾನಾ ಬೇಡ್ವೇ ಬೇಡ. ಹತ್ತಿದ ಮೇಲೆ ವಾಲ್ವ್ ಒಂದ್ಸಲ ಮೇಲಕ್ಕೆ ಒತ್ತಿ ಕೆಳಕ್ಕೆ ಎಳೀರಿ, ಸುತ್ತ ಟ್ಯೂಬ್ ಎಲ್ಲೂ ಸಿಕ್ಕಿಲ್ಲ ಅಂತ ನೋಡಿ ಆಮೇಲೆ ಗಾಳಿ.

ಆಗ್ಲೇ ಇಲ್ಲ ಅಂದ್ರೆ ಭಾನುವಾರ ಚಕ್ರ ಬಿಚ್ಕೊಂಡು ಹಳೇಪೇಟೆಗೆ ಬನ್ನಿ, ನಾನು ಹಾಕ್ಕೊಡ್ತೀನಿ. ಹಳೇ ಟೈರ್ ಬಿಸಾಡಬೇಡಿ, ತರ್ರಿ. ಚೆನ್ನಾಗಿರೋ ಕಡೆ ಎರಡು ಬೆರಳಗಲ ತುಂಡು ಕತ್ತರಿಸಿ ಕೊಡ್ತೀನಿ, ದಾರಿಲಿ ಎಲ್ಲಾದ್ರೂ ಟೈರ್ ಸೈಡ್ ಸೀಳಿದ್ರೆ ಒಳಗಡೆ ಅದನ್ನ ಇಟ್ಟು ಗಾಳಿ ಹೊಡೆದು ಮನೆ ಸೇರ್ಬೋದು.