ಸತ್ಯವೇದದಲ್ಲಿ (ಬೈಬಲಿನಲ್ಲಿ) ಮರೆಯಲ್ಲಿ ನಿಂತು ಕೇಳುವವರು ಇಷ್ಟು ಜನ ಯಾಕೆ?

ಸಂಡೇ ಸ್ಕೂಲ್ ಟೀಚರ್, ಲಿಂಗರಾಜಪುರ:
ಹೋದ ಭಾನುವಾರ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ 27ನೇ ಅಧ್ಯಾಯ ಓದಿಸುತ್ತಿದ್ದೆ. ಕಣ್ಣು ಮಂಜಾದ ಇಸಾಕ, ಹಿರಿಮಗ ಏಸಾವನನ್ನು ಕರೆದು ಬೇಟೆ ಮಾಂಸದ ಅಡುಗೆ ಮಾಡಿ ತಾ, ಆಶೀರ್ವದಿಸುತ್ತೇನೆ ಅನ್ನುತ್ತಾನೆ. ಹೆಂಡತಿ ರೆಬೆಕ್ಕ ಕೇಳಿಸಿಕೊಂಡು ಅವನ ಬದಲು ಕಿರಿಮಗ ಯಾಕೋಬನನ್ನು ಮುಂದೆ ಬಿಡುತ್ತಾಳೆ. ಒಬ್ಬಳು ಹುಡುಗಿ ಎದ್ದು, "ಮಿಸ್, ದೊಡ್ಡವರ ಮಾತು ಕದ್ದು ಕೇಳಬಾರದು ಅಂದಿದ್ದು ನೀವೇ ಅಲ್ವಾ?" ಅಂದಳು. ನನ್ನ ಬಾಯಿ ಕಟ್ಟಿಹೋಯಿತು. ಇದು ಕಥೆ ಹೇಳುವ ಉಪಾಯವೋ, ಸುಮ್ನೆ ಬಂದಿದ್ದೋ?

ನಾಟಕದವನು, ಹನುಮಂತನಗರ:
ಉಪಾಯವೇ. ಆದಿಕಾಂಡ 42 ನೋಡಿ. ಧಾನ್ಯ ಕೊಳ್ಳಲು ಐಗುಪ್ತಕ್ಕೆ ಬಂದ ಅಣ್ಣಂದಿರು ಅಧಿಕಾರಿಯ ಎದುರಲ್ಲೇ ತಮ್ಮ ಹಳೇ ಪಾಪದ ಮಾತಾಡುತ್ತಾರೆ. ಅವನೇ ತಾವು ಹಿಂದೆ ಗುಂಡಿಗೆ ಹಾಕಿದ ತಮ್ಮ ಯೋಸೇಫ ಅಂತ ಗೊತ್ತಿಲ್ಲ, ತಮ್ಮ ಮಾತು ಅವನಿಗೆ ಅರ್ಥವಾಗುತ್ತದೆ ಅಂತಲೂ ಗೊತ್ತಿಲ್ಲ. ಮಧ್ಯೆ ಒಬ್ಬ ದುಭಾಷಿ ಇದ್ದ ಅನ್ನುವುದನ್ನು ಕಥೆಗಾರ ಅಲ್ಲಿವರೆಗೆ ಹೇಳಿಯೇ ಇಲ್ಲ! ಬೇಕಾದ ಗಳಿಗೆಯಲ್ಲಿ ತೆಗೆದ.

ಇನ್ನೊಂದು ಇದೆ. ಯೋಸೇಫ ಅಂಗಲಾಚಿಕೊಂಡ ಅನ್ನುವುದು, ಅವನನ್ನು ಗುಂಡಿಗೆ ಹಾಕುವ 37ನೇ ಅಧ್ಯಾಯದಲ್ಲಿ ಇಲ್ಲ. ಇಲ್ಲಿ ಅಣ್ಣಂದಿರ ಬಾಯಿಂದಲೇ ನಮಗೂ ಮೊದಲ ಸಲ ತಿಳಿಯುತ್ತದೆ. ಅಣ್ಣ ರೂಬೇನ ತನ್ನನ್ನು ಉಳಿಸಲು ನೋಡಿದ್ದು ಯೋಸೇಫನಿಗೆ ಗೊತ್ತಾಗಿದ್ದೂ ಆಗಲೇ ಇರಬೇಕು, 20 ವರ್ಷ ದಾಟಿದ ಮೇಲೆ. ಆಚೆ ಹೋಗಿ ಅಳುತ್ತಾನೆ. ವಾಪಸ್ ಬಂದು ಹಿರಿಯ ರೂಬೇನನನ್ನು ಬಿಟ್ಟು ಎರಡನೆಯವನಾದ ಸಿಮೆಯೋನನನ್ನು ಕಟ್ಟಿಸುತ್ತಾನೆ. ಯಾಕೆ ಅಂತ ಬರೆದಿಲ್ಲ. ಬರೆಯಬೇಕಾ?

ರಿಟೈರ್ಡ್ ಕಂಡಕ್ಟರ್, ಯಶವಂತಪುರ:
ಯೋಸೇಫನ ಕಷ್ಟ ನನಗೆ ಗೊತ್ತು ಮೇಡಂ. ಶಿವಾಜಿನಗರದ ಬಸ್ಸಲ್ಲಿ ನನ್ನ ಮುಂದೆಯೇ ತಮಿಳಲ್ಲಿ ನನ್ನನ್ನು ಬೈಯುತ್ತಿದ್ದರು. ನಾನು ಚಿಲ್ಲರೆ ಎಣಿಸುತ್ತಾ ನಿಂತಿರುತ್ತಿದ್ದೆ. ಕೇಳಿಸದವನ ಹಾಗೆ ಮುಖ ಇಟ್ಟುಕೊಳ್ಳುವುದು ಟಿಕೆಟ್ ಹರಿಯುವುದಕ್ಕಿಂತ ಜಾಸ್ತಿ ಕೆಲಸ.
ಗಿದ್ಯೋನನನ್ನೂ ಸೇರಿಸಿಕೊಳ್ಳಿ. ರಾತ್ರಿ ಮಿದ್ಯಾನ್ಯರ ಪಾಳೆಯಕ್ಕೆ ನುಸುಳಿ, ಒಬ್ಬ ಸಿಪಾಯಿ ಕನಸು ಹೇಳುವುದನ್ನು ಕೇಳಿಸಿಕೊಳ್ಳುತ್ತಾನೆ. ಜವೆಗೋಧಿ ರೊಟ್ಟಿ ಉರುಳಿ ಬಂದು ಡೇರೆ ಕೆಡವಿತಂತೆ! ಅದು ಗಿದ್ಯೋನನ ಕತ್ತಿಯೇ ಅಂತ ಜೊತೆಗಾರ ಅಂದ. 300 ಜನರ ನಾಯಕನಿಗೆ ಧೈರ್ಯ ಬಂದಿದ್ದು ಶತ್ರುವಿನ ಬಾಯಿಂದ.

ಸಂಡೇ ಸ್ಕೂಲ್ ಟೀಚರ್:
ದುಭಾಷಿಯ ವಿಷಯ ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ ಸರ್. ಹುಡುಗಿಗೆ ಅಬ್ರಹಾಮನ ಹೆಂಡತಿ ಸಾರಳ ಕಥೆ ಹೇಳುತ್ತೇನೆ. ಡೇರೆಯ ಬಾಗಿಲಲ್ಲಿ ನಿಂತು, ಮುಪ್ಪಿನಲ್ಲಿ ಮಗನಾಗುತ್ತಾನೆ ಅನ್ನುವ ಮಾತು ಕೇಳಿ ಮನಸ್ಸಿನೊಳಗೇ ನಕ್ಕಳಲ್ಲ. ಆ ನಗು ಆಚೆ ಇದ್ದ ಅತಿಥಿಗೆ ಕೇಳಿಸಿಬಿಟ್ಟಿತು. ನಾನು ನಗಲಿಲ್ಲ ಅಂದಳು. ಇಲ್ಲ, ನಕ್ಕೆ ಅಂದ.