ಸಂಗೂ, ಗಾಡಿ ಮಾರೂ ಮೊದಲ ಅರ್ಥಿಂಗ್ ನೋಡಪಾ

ಸಂಗೂ, ನಾ ಅತ್ತಿ ಮಾತಾಡಾಕತ್ತೀನಿ. ಪೂರ್ತಿ ಕೇಳು, ನಡುವ ಬಂದ್ ಮಾಡಬ್ಯಾಡ. ರಾತ್ರಿ ಹನ್ನೊಂದೂವರಿಗೆ ನೀ ಗ್ರೂಪಿನಾಗ ಹಾಕಿದ್ದನ್ನ ಈಗ ಮುಂಜಾನಿ ಚಹಾಕ್ಕ ಇಟ್ಟಾಗ ನೋಡಿದೆ. "ಅತ್ತಿ, ಇಲೆಕ್ಟ್ರಿಕ್ ಗಾಡಿ ತಗೊಂಡು ತಪ್ಪು ಮಾಡಿದೆ ಅನಸಾಕತ್ತೈತಿ. ಮೂರು ವಾರದಾಗ ಹತ್ತು ಸಲ ರಾತ್ರಿ ಚಾರ್ಜಿಂಗ್ ನಡಬರಕ ನಿಂತೈತಿ. 421 ಕಿಲೋಮೀಟರ್ ಅಂದಿದ್ರು, 270 ತೋರಸತೈತಿ. ಅಪ್ಪ ಪೆಟ್ರೋಲ್ ಗಾಡಿ ಸೋವಿ ಆಗಿದ್ವು ಅಂತ ದಿನಾ ಅಂತಾನ. ಒಬ್ಬ ದಲಾಲಿ ಹನ್ನೊಂದೂವರೆ ಲಕ್ಷಕ್ಕ ಕೇಳ್ಯಾನ, ಕೊಟ್ಟು ಬಿಡ್ಲಿ?" ಅಂತ ಬರದಿ. ಅದನ್ನ ಓದಿ ನನ್ನ ಎದಿ ಧಸಕ್ಕಂತು ನೋಡು. ಕೊಡಬ್ಯಾಡ. ಸಿಟ್ಟಿನಾಗ ಗಾಡಿ ಮಾರಬ್ಯಾಡ. ಆ ದಲಾಲಿ ಕಡಿಂದ ಟೋಕನ್ ಅಂತ ಐದು ಸಾವಿರನೂ ಇಸಗೋಬ್ಯಾಡ.

ನನ್ನ ಮೊದಲನೇ ಗಾಡಿ ನಿನಗ ನೆನಪೈತಿ, ಆ ತಿಳಿನೀಲಿ ಸಣ್ಣದು, 24 ಯೂನಿಟ್ಟಿನ ಬ್ಯಾಟರಿದು. 2023ರಾಗ ತಗೊಂಡೆ, ಐದನೇ ತಿಂಗಳಿಗೆ ಮಾರಿದೆ. ಹನ್ನೊಂದು ಲಕ್ಷ ನಲವತ್ತು ಸಾವಿರ ಕೊಟ್ಟು ತಂದದ್ದು ಎಂಟು ಲಕ್ಷ ಅರವತ್ತಕ್ಕ ಹೋತು. ಎರಡು ಲಕ್ಷ ಎಂಬತ್ತು ಸಾವಿರ ನೀರಾಗ ಹೋದಂಗಾತು. ಯಾಕ ಮಾರಿದೆ? ನಿನಗ ಆಗಾಕತ್ತಿದ್ದೇ ನನಗೂ ಆಗತಿತ್ತು. ರಾತ್ರಿ ಹತ್ತಕ್ಕ ಹಚ್ಚಿ ಮಲಗೂದು, ಚಾರ್ಜರಿನ ಡಬ್ಬಿ ಮ್ಯಾಲೆ ಹಸರ ದೀಪ ಮಿಣಕತಿತ್ತು. ಮುಂಜಾನಿ ಎದ್ದು ನೋಡಿದ್ರ ಕೆಂಪು ದೀಪ, ಬ್ಯಾಟರಿ ಪೂರ್ತಿ ತುಂಬದ ನಡಬರಕ ನಿಂತಿರತಿತ್ತು. ಶೋರೂಮಿಗೆ ಮೂರು ಸಲ ಒಯ್ದೆ. ಅಲ್ಲೆ ಹಚ್ಚಿದ್ರ ನೂರಕ್ಕ ನೂರು ತುಂಬತಿತ್ತು. "ಗಾಡಿಯಾಗ ಏನೂ ಇಲ್ಲ ಮೇಡಂ" ಅಂತ ಹೇಳಿ ಕಳಸತಿದ್ರು. ನನಗ ಅವರು ಸುಳ್ಳ ಹೇಳತಾರ ಅನಸ್ತು. ಜಮಖಂಡಿಯವರು ಒಬ್ಬರು ತಗೊಂಡು ಹೋದ್ರು. ಎರಡು ತಿಂಗಳ ಮ್ಯಾಲೆ ಅವರೇ ಫೋನ್ ಮಾಡಿ, ಗಾಡಿ ಭಾಳ ಛಲೋ ಐತ್ರಿ ಅಕ್ಕಾರ, ಒಂದು ದಿನನೂ ಚಾರ್ಜಿಂಗ್ ನಿಂತಿಲ್ಲ ಅಂದ್ರು. ಅದೇ ಗಾಡಿ, ಅದೇ ಚಾರ್ಜರ್.

ಅದಾದ ಮ್ಯಾಲೆ ಒಂದು ದಿನ ಬಚ್ಚಲದಾಗ ಗೀಜರಿನ ನಳ ಮುಟ್ಟಿದ್ರ ಕೈ ಜುಮ್ ಅಂತು. ಹಳೇ ವೈರ್‌ಮನ್ನರನ್ನ ಕರಸಿದೆ. ಅವರು ಬಂದವರೇ "ಅರ್ಥ್ ಪಿಟ್ ಎಲ್ಲೈತ್ರಿ" ಅಂದ್ರು. ಸೋರಿದ ಕರೆಂಟ್ ಭೂಮಿಗೆ ಇಳಿಯಾಕ ತಂತಿ, ರಾಡ್ ಹುಗಿದ ಕುಣಿ ಅದು. ಯಾರಿಗೂ ಗೊತ್ತಿಲ್ಲ! ಪೋರ್ಚಿಗೆ ಟೈಲ್ಸ್ ಹಾಕಿಸಿದಾಗ ಗೌಂಡಿಗಳು ಅದರ ಮ್ಯಾಲೇ ಸಿಮೆಂಟ್ ಎಳದು ಮುಚ್ಚಿಬಿಟ್ಟಿದ್ರು. ಎರಡು ಟೈಲ್ಸ್ ಎಬ್ಬಿಸಿ ಅಗದ್ರು. ತಂತಿ ಹಿಡದು ಸಣ್ಣಗ ಎಳದ್ರ ತಂತಿ ಪೂರಾ ಕೈಯಾಗ ಬಂತು. ತುದಿ ಕರಗಿ ಸೂಜಿ ಆಗಿತ್ತು, ಕ್ಲಾಂಪ್ ಅನ್ನೂದು ಕೆಂಪು ಪುಡಿಯಾಗಿ ಬೆರಳಿಗೆ ಹತ್ತಿತು. ನಮ್ಮದು ಎರಿ ಮಣ್ಣು. ಬ್ಯಾಸಗ್ಯಾಗ ಒಣಗಿ ಬಿರಕ್ ಬಿಡತೈತಿ, ರಾಡಿನ ಸುತ್ತ ಸಂದ ಬೀಳತೈತಿ. ನೀರ ಹಾಕೂ ಪೈಪು ಟೈಲ್ಸಿನ ಕೆಳಗ ಹೋಗಿತ್ತು, ವರ್ಷಗಟ್ಟಲೆ ಒಂದು ತಂಬಿಗಿ ನೀರ ಬಿದ್ದಿಲ್ಲ ಅದಕ್ಕ. ಅರ್ಥೇ ಇಲ್ಲದ ಮನ್ಯಾಗ ನಾ ಗಾಡಿಗೆ ಬೈದೆ.

ಯಾಕ ರಾತ್ರಿ ಚಾಲೂ ಆಗಿ ನಸಿಕಿನ್ಯಾಗ ನಿಲ್ಲತಿತ್ತು ಅನ್ನೂದನ್ನೂ ಅವರೇ ಹೇಳಿದ್ರು. ಗಾಡಿ ಚಾರ್ಜರ್ ಅರ್ಥ್ ನೋಡಕೋತನ ಇರತೈತಿ, ಸಂಶಯ ಬಂದ ಕೂಡಲೆ ಕರೆಂಟ್ ಕಡಿತೈತಿ. ಹತ್ತರ ಸುಮಾರಿಗೆ ಲೈನ್ ಹಗರ ಇರತೈತಿ, ಹೆಂಗೋ ಸುಧಾರಿಸಿ ಹೋಗತಿತ್ತು. ಐದಕ್ಕ ಓಣಿಯವರೆಲ್ಲ ಗೀಜರ್, ನೀರಿನ ಮೋಟರ್ ಹಚ್ಚಿದ್ರ ನ್ಯೂಟ್ರಲ್, ಅಂದ್ರ ಕರೆಂಟ್ ತಿರುಗಿ ಹೋಗೂ ತಂತಿ, ಅದರ ಮ್ಯಾಲೆ ವೋಲ್ಟೇಜ್ ಏರತೈತಿ, ಚಾರ್ಜರ್ ಬಂದ್ ಆಗತೈತಿ. ಅದು ಗಾಡಿ ದೋಷ ಅಲ್ಲ, ಗಾಡಿ ನಮ್ಮನ್ನ ಉಳಸಾಕತ್ತಿತ್ತು. ಮಿಕ್ಸರ್, ಫ್ರಿಜ್, ಟಿವಿ ಇವ್ಯಾವೂ ಹಂಗ ಕೇಳೂದಿಲ್ಲ, ಅರ್ಥ್ ಇರಲಿ ಬಿಡಲಿ ತಿರಗತಾವ. ಅದಕ್ಕ ಮನಿ ಲೈನ್ ಸರಿ ಐತಿ ಅಂತ ನಾವು ತಿಳಕೊಂಡಿರತೀವಿ.

ಇನ್ನೊಂದು ಮಾತು ಗಟ್ಟಿ ಹೇಳತೀನಿ. ಕೆಲವು ವೈರ್‌ಮನ್ನರು ಸಾಕೆಟ್ಟಿನಾಗ ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ಒಂದು ಚೋಟ ತಂತಿ ಜೋಡಿಸಿ ಕೊಡತಾರ. ಚಾರ್ಜರ್ ಮೋಸ ಹೋಗಿ ಹಸರ ದೀಪ ತೋರಸತೈತಿ. ಮಾಡಸಬ್ಯಾಡ! ಕಂಬದ ಕಡೆ ನ್ಯೂಟ್ರಲ್ ಹರೀತು ಅಂದ್ರ ಗಾಡಿ ಮೈ ಪೂರಾ 230 ವೋಲ್ಟ್. ನಿನ್ನ ಮಗಳು ಬರಿಗಾಲಿಲೆ ಪೋರ್ಚಿನಾಗ ಆಡತಾಳ.

ನಿಮ್ಮ ಮನಿ ಪಾಯಿಂಟ್ ನಾ ನೋಡೀನಿ, ವಾಷಿಂಗ್ ಮಷೀನಿಗೆ ಎಳದದ್ದು ಅದು. ತಂತಿ ಒಂದೂವರೆ ಸ್ಕ್ವೇರ್ ಎಂಎಂ ಇರಬೇಕು, ಭಾಳ ಅಂದ್ರ ಎರಡೂವರೆ. ನಿನ್ನ ಚಾರ್ಜರ್ 3.3 ಕಿಲೋವ್ಯಾಟ್, ಹದಿನಾಲ್ಕು ಹದಿನೈದು ಆಂಪಿಯರ್ ಎಳಿತೈತಿ. ಗೀಜರ್ ಕಾಲು ತಾಸು ಎಳದು ಸುಮ್ಮನಾಗತೈತಿ, ಇಸ್ತ್ರಿ ಹತ್ತಿ ಆರತೈತಿ. ಗಾಡಿ ಎಂಟು ಹತ್ತು ತಾಸು ಒಂದೇ ಸಮ ಎಳಿತೈತಿ. ಸ್ಕ್ರೂ ಒಂದು ಸುತ್ತು ಸಡಲಿದ್ರ ಅಲ್ಲೆ ಕಾಸತೈತಿ, ಕಾದಂಗ ಇನ್ನೂ ಸಡಲತೈತಿ, ಕಡೀಗೆ ಪ್ಲಗ್ಗು ಸಾಕೆಟ್ಟು ಕರಗಿ ಒಂದಕ್ಕೊಂದು ಅಂಟಿ ಕುಂದರತಾವ. ಎಕ್ಸ್‌ಟೆನ್ಶನ್ ಬೋರ್ಡಂತೂ ಮುಟ್ಟಲೇಬ್ಯಾಡ.

ನಾ ಆಮ್ಯಾಲೆ ಈಗಿನ ಗಾಡಿಗೆ ಮಾಡಿಸಿದ್ದು ಹಿಂಗೈತಿ, ವೈನಿ, ಬರಕೋರಿ. ಮೇನ್ ಬೋರ್ಡಿನಿಂದ ಪೋರ್ಚಿಗೆ ಬ್ಯಾರೇನ ಲೈನ್, 4 ಸ್ಕ್ವೇರ್ ಎಂಎಂ ತಾಮ್ರದ ತಂತಿ, ನಡುವ ಎಲ್ಲೂ ಜೋಡು ಇಲ್ಲ. ಆ ಲೈನಿಗೆ, ಲೋಡ್ ಹೆಚ್ಚಾದ್ರ ತಾನೇ ಬೀಳೂ, 20 ಆಂಪಿಯರಿನ ಎಂಸಿಬಿ, ಸಿ ಕರ್ವ್ ಅಂತ ಕೇಳಿ ತಗೋಬೇಕು. ಅದರ ಜೋಡಿ, ಕರೆಂಟ್ ಸೋರಿದ್ರ ಲೈನ್ ಕಡಿಯೂ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಟೈಪ್ ಎ ಅಂತ ಬರದಿರಬೇಕು, ಅಂಗಡಿಯವರು ಎಸಿ ಟೈಪಿಂದು ಕೊಡಾಕ ನೋಡತಾರ. ಸಾಕೆಟ್ ಇಂಡಸ್ಟ್ರಿಯಲ್‌ದು, ಗ್ವಾಡಿಗೆ ಮಳಿ ಬಡೀದಂಗ. ಅರ್ಥಿಗೆ ಹೊಸ ಪಿಟ್, ಕೆಮಿಕಲ್ ರಾಡ್. ಅರ್ಥ್ ಅಳಿಯೂ ಮೀಟರ್, ಅರ್ಥ್ ಮೆಗ್ಗರ್, ಹಚ್ಚಿ ನೋಡಿದಾಗ 5 ಓಮ್ ಒಳಗ ಬರಬೇಕು, ನಮ್ಮದು ಎರಡರ ಹತ್ರ ಬಂತು. ಕೂಲಿ ಕೂಡಿ ಹನ್ನೆರಡು ಸಾವಿರ ಆತು. ಹನ್ನೆರಡು ಸಾವಿರದ ಕೆಲಸಕ್ಕ ಎರಡು ಲಕ್ಷ ಎಂಬತ್ತು ಸಾವಿರ ಕಳಕೊಂಡೆ ಸಂಗೂ. ಅದಕ್ಕ ಮತ್ತೊಮ್ಮೆ ಹೇಳತೀನಿ, ಸಿಟ್ಟಿನಾಗ ಗಾಡಿ ಮಾರಬ್ಯಾಡ.

ಇನ್ನ 421ರ ಮಾತು. ಕಂಪನಿಯವರ ಆ ಅಂಕಿ ಬರೂ ಟೆಸ್ಟ್ ಮಾಡೂದು ರೋಲರ್ ಮ್ಯಾಲೆ, ಎಸಿ ಬಂದ್ ಇಟ್ಟು, ಎದುರು ಗಾಳಿ ಇಲ್ಲದ ಕಡೆ. ನಿನ್ನ ಬ್ಯಾಟರಿ 35 ಯೂನಿಟ್. ರಸ್ತೆ ಮ್ಯಾಲೆ ಎಸಿ ಹಾಕಿ ಎಂಬತ್ತರಾಗ ಹೊಡದ್ರ ಯೂನಿಟ್ಟಿಗೆ ಏಳೂವರೆ ಎಂಟು ಕಿಲೋಮೀಟರ್ ಬರತೈತಿ, ಗುಣಿಸಿ ನೋಡು, 260ರಿಂದ 280. ನಿನ್ನ ಗಾಡಿ 270 ತೋರಸೂದು ಸರಿಯಾಗೇ ಐತಿ. ನೂರರ ಮ್ಯಾಲೆ ಹೊಡದ್ರ ಅದೂ ಇಳಿತೈತಿ, ಗಾಳಿ ಒತ್ತು ವೇಗದ ವರ್ಗದಷ್ಟು ಏರತೈತಿ. ಬಾಗಲಕೋಟೆಯಿಂದ ವಿಜಯಪುರ ಹೋಗಿ ಬರಾಕ ಏನೂ ಚಿಂತಿ ಇಲ್ಲ, ನೂರಾ ಅರವತ್ತರ ಸುಮಾರು. ಹುಬ್ಬಳ್ಳಿಗೆ ಹೋಗಿ ಬಂದ್ರ ಬಿಗಿ ಆಗತೈತಿ. ಲೋಕಾಪುರ, ಯರಗಟ್ಟಿ ಮ್ಯಾಲೆ ಬೆಳಗಾವಿಗೆ ಹೋಗಿ ಬರಾಕ ಒಮ್ಮೆ ಹೊರಗ ಹಚ್ಚಲೇಬೇಕು, ಫಾಸ್ಟ್ ಚಾರ್ಜರಿಗೆ ಹತ್ತರಿಂದ ಎಂಬತ್ತಕ್ಕ ಒಂದು ತಾಸು. ಊಟದ ಹೊತ್ತಿಗೆ ಹೊಂದಿಸಿಕೋ.

ನಿಮ್ಮಪ್ಪ, ಈರಣ್ಣ ಅಣ್ಣ, ಪೆಟ್ರೋಲ್ ಗಾಡಿ ಸೋವಿ ಆಗ್ಯಾವ ಅಂತ ಹೇಳೂದು ಸುಳ್ಳಲ್ಲ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ 18ಕ್ಕ ಇಳೀತು, ಇಲೆಕ್ಟ್ರಿಕ್ಕಿಗೆ ಮೊದಲಿನಂಗ 5. ಖರೆ, ಲೆಕ್ಕ ಪೂರ್ತಿ ಮಾಡಬೇಕು ಅಣ್ಣಾ. ಸಂಗೂ ದಿನಾ ಬೀಳಗಿಗೆ ಹೋಗಿ ಬರೂದು ಅರವತ್ತು ಕಿಲೋಮೀಟರ್, 25 ದಿನಕ್ಕ 1500. ಬ್ಯಾಟರಿಗೆ 200 ಯೂನಿಟ್, ತುಂಬೂದರಾಗ ಶಾಖ ಆಗಿ ಹೋಗೂದು ಹಿಡದು ಮೀಟರಿನಾಗ 225. ಮನಿದು 120 ಐತಿ, ಒಟ್ಟು 345. ಇಲ್ಲೆ ಒಂದು ಪೆಟ್ಟು ಬೀಳತೈತಿ, ಯಾರೂ ಮೊದಲ ಹೇಳೂದಿಲ್ಲ: 200 ದಾಟಿದ ತಿಂಗಳು ಗೃಹಜ್ಯೋತಿಯ ಪುಕ್ಕಟ ಕರೆಂಟ್ ಇಲ್ಲ, ಪೂರಾ ಬಿಲ್ಲು ನಿಮ್ಮದೇ. ಆರು ರೂಪಾಯಿ ಲೆಕ್ಕದಾಗ ಎರಡು ಸಾವಿರದ ಎಪ್ಪತ್ತು, ಮ್ಯಾಲೆ ನಿಗದಿ ಶುಲ್ಕ, ತೆರಿಗಿ ಹಿಡದು ಮೂರು ಸಾವಿರದೊಳಗ. ಪೆಟ್ರೋಲ್ ಗಾಡಿ ಲೀಟರಿಗೆ 16 ಕೊಟ್ರ 94 ಲೀಟರ್ ಬೇಕು, ಲೀಟರಿಗೆ ಬರೇ ನೂರು ಹಿಡದ್ರೂ 9,400. ತಿಂಗಳಾ ಆರು ಸಾವಿರಕ್ಕ ಮೋಸ ಇಲ್ಲ. ಹದಿನಾಲ್ಕೂವರೆ ಲಕ್ಷದ ಗಾಡಿ ಹನ್ನೊಂದೂವರಿಗೆ ಕೊಟ್ರ ಮೂರು ಲಕ್ಷ ಹೋಗತೈತಿ, ಆ ಆರು ಸಾವಿರನೂ ಹೋಗತೈತಿ. ಬ್ಯಾಂಕಿನ ಎನ್‌ಒಸಿ, ಆರ್‌ಟಿಒದಾಗ ಗಾಡಿ ಕಾಗದದ ಮ್ಯಾಲಿನ ಸಾಲದ ನಮೂದು ತಗಸೂ ಫಾರ್ಮ್ 35, ಸಾಲ ಮೊದಲ ತೀರಿಸಿದ್ದಕ್ಕ ದಂಡ ಐತೋ ಇಲ್ಲೋ, ಆ ಓಡಾಟ ಬ್ಯಾರೆ. ಮತ್ತ ಅಳಿಯಂದಿರು ಸಾಲದ ಬಡ್ಡಿಗೆ ಒಂದೂವರೆ ಲಕ್ಷ ಇನ್‌ಕಮ್ ಟ್ಯಾಕ್ಸ್ ಬಿಡತಾರ ಅಂತ ಗ್ರೂಪಿನಾಗ ಹಾಕ್ಯಾರಲ್ಲ, ಅದು 2023ರ ಮಾರ್ಚ್ 31ರೊಳಗ ಮಂಜೂರಾದ ಸಾಲಕ್ಕ ಮಾತ್ರ ಇತ್ತು. ಅದನ್ನ ನಂಬಿ ಕುಂದರಬ್ಯಾಡ.

ಲೋಡ್ ಹೆಚ್ಚಸೂದು ಒಂದು ಐತಿ. ಬಿಲ್ಲಿನ ಮ್ಯಾಲೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರತೈತಿ ನೋಡು. ಎರಡೋ ಮೂರೋ ಇದ್ರ ಗಾಡಿ ಒಂದೇ ಅದನ್ನ ತಿಂತೈತಿ. ಆರ್‌ಆರ್ ನಂಬರ್ ಬರಕೊಂಡು ಹೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡು. ನಿಮ್ಮ ಮೀಟರ್ ಅಣ್ಣನ ಹೆಸರಿಲೆ ಐತಿ, ಅಣ್ಣ ಸಹಿ ಮಾಡಿದ್ರ ಮುಗೀತು. ನನ್ನ ಗತಿ ನೋಡು. ಈ ನವನಗರದ ಮನಿ ಅಪ್ಪಗ ಆಲಮಟ್ಟಿ ಡ್ಯಾಮಿನ ಮುಳುಗಡ್ಯಾಗ ಬಂದ ಜಾಗಾದ ಮ್ಯಾಲೆ ಕಟ್ಟಿದ್ದು, ಮೀಟರ್ ಇವತ್ತಿಗೂ ಅಪ್ಪನ ಹೆಸರಿಲೆನ ಐತಿ. ಅಪ್ಪ ಹೋಗಿ ಆರು ವರ್ಷ ಆತು. ಮರಣ ಪ್ರಮಾಣಪತ್ರ ನಾ ತಂದೆ, ವಂಶಾವಳಿ ನಾ ಮಾಡಿಸಿದೆ, ಉತಾರ ತಗಸಿದೆ, ಈರಣ್ಣ ಅಣ್ಣ ಒಪ್ಪಿಗಿ ಪತ್ರಕ್ಕ ಅದೇ ದಿನ ಸಹಿ ಹಾಕಿದ. ತಮ್ಮಾ ಮಲ್ಲೂ, ನೀನೂ ಈ ಗ್ರೂಪಿನಾಗ ಇದ್ದಿ, ಕೇಳು. ಪುಣೆಯಿಂದ ದೀಪಾವಳಿಗೆ ಬಂದಾಗ ಹಾಕತೀನಿ ಅಂದಿ, ಯುಗಾದಿಗೆ ಅಂದಿ, ಎರಡು ವರ್ಷ ಆತು. ಮನಿ ಪಾಲು ಯಾರೂ ಕೇಳಾಕತ್ತಿಲ್ಲ, ಮೀಟರಿನ ಹೆಸರು ಬದಲಸಾಕ ಒಂದು ಸಹಿ ಅಷ್ಟ. ಅಪ್ಪನ ಕಡೀ ನಾಕು ವರ್ಷ ಔಷಧಿ, ನೀರು, ಊಟ ಎಲ್ಲಾ ಈ ಮನ್ಯಾಗ ನಾನೇ ನೋಡಿದೆ, ಅದಕ್ಕ ಲೆಕ್ಕ ಹಚ್ಚಿಲ್ಲ. ನೀ ಸಹಿ ಹಾಕದ್ದಕ್ಕ ಲೋಡ್ ಹೆಚ್ಚಸಾಕ ಆಗದ ಇವತ್ತಿಗೂ ಗೀಜರ್ ಹಚ್ಚೂ ಮೊದಲ ಗಾಡಿ ಬಂದ್ ಮಾಡಬೇಕು, ಗಾಡಿ ಹಚ್ಚೂ ಮೊದಲ ಗೀಜರ್ ಬಂದ್ ಮಾಡಬೇಕು. ಈ ವಯಸ್ಸಿನಾಗ ರಾತ್ರಿ ಹನ್ನೊಂದಕ್ಕ ಎದ್ದು ಪೋರ್ಚಿಗೆ ಹೋಗತೀನಿ. ಬ್ಯಾಸರಾಗೈತಿ ನನಗ.

ಹಾಂ, ಸಂಗೂ, ಹೇಳಬೇಕಾದ್ದೇ ಉಳೀತು. ಇವತ್ತ ಸಂಜಿಗೆ ಗಾಡಿನೂ ಡಿಕ್ಕಿಯಾಗಿನ ಚಾರ್ಜರೂ ತಗೊಂಡು ನಮ್ಮ ಮನಿಗೆ ಬಾ. ಬ್ಯಾಟರಿ 20ರ ಹತ್ರ ಇರಲಿ. ನಿನ್ನ ಚಾರ್ಜರ್ ನಮ್ಮ ಪಾಯಿಂಟಿಗೆ ಹಚ್ಚಿ ರಾತ್ರಿ ಬಿಡೋಣ, ನನ್ನ ಈಗಿನ ಗಾಡಿ ಒಂದಿನ ಹಚ್ಚದ ಇರಲಿ. ಎಂಬತ್ತು ಪರ್ಸೆಂಟ್ ತುಂಬಾಕ 28 ಯೂನಿಟ್ ಬೇಕು, ಒಂಬತ್ತು ಹತ್ತು ತಾಸು. ಇಲ್ಲೆ ನಿಲ್ಲದಂಗ ತುಂಬಿತು ಅಂದ್ರ ನಿನ್ನ ಗಾಡಿ, ಚಾರ್ಜರ್ ಎರಡೂ ಸುದ್ದ ಅದಾವ, ದೋಷ ನಿಮ್ಮ ಲೈನಿಂದು. ಇಲ್ಲೂ ನಿಂತ್ರ ಕೆಂಪು ದೀಪದ ವಿಡಿಯೋ ಮಾಡಕೊಂಡು ಶೋರೂಮಿಗೆ ಹೋಗು, ಜಾಬ್ ಕಾರ್ಡ್ ಬರಸು, ಚಾರ್ಜರ್ ಬದಲಿ ಕೇಳು, ವಾರಂಟಿ ಐತಿ. ಬಾಯಿಮಾತಿಲೆ ಬಿಟ್ಟು ಬರಬ್ಯಾಡ.

ನಾಳೆ ಒಂಬತ್ತಕ್ಕ ಅದೇ ವೈರ್‌ಮನ್ನರನ್ನ ನಿಮ್ಮ ಮನಿಗೆ ಕಳಸತೀನಿ. ಮೀಟರ್ ಹಿಡದು ನೋಡತಾರ: ಫೇಸ್‌ಗೂ ನ್ಯೂಟ್ರಲ್‌ಗೂ 230ರ ಹತ್ರ ಬರಬೇಕು, ಫೇಸ್‌ಗೂ ಅರ್ಥ್‌ಗೂ ಅಷ್ಟೇ ಬರಬೇಕು, ನ್ಯೂಟ್ರಲ್‌ಗೂ ಅರ್ಥ್‌ಗೂ 5 ವೋಲ್ಟಿನೊಳಗ ಇರಬೇಕು. ಗಾಡಿ ಹಚ್ಚಿದಾಗ ಒಮ್ಮೆ, ತಗದಾಗ ಒಮ್ಮೆ, ಎರಡೂ ಸಲ ನೋಡಂತ ಹೇಳು. ನೀ ಕೈ ಹಾಕಬ್ಯಾಡ. ವೈನಿ, ತುಳಸಿ ಕಟ್ಟಿ ಬಾಜೂಕ ಹಳೇ ಪಿಟ್ ಇತ್ತು ಅಂತ ನನಗ ನೆನಪು, ಅಲ್ಲಿ ಕುಂಡಗಳನ್ನ ಇವತ್ತ ಸರಿಸಿ ಇಡ್ರಿ, ಅವರಿಗೆ ಅಗಿಯಾಕ ಜಾಗಾ ಆಗತೈತಿ.